ಅಟ್ಟದ ಮ್ಯಾಲಿನ ವಿಮಾನಗೋಳು

ಮಾನಮಿ ಬಂತಂದ್ರ ನಮ್ಮ ಗಾಂಧಿ ಚೌಕದ ಮನಿಗಳೊಳಗ ಏನು ಗದ್ದಲ ಇರ್ತೈತಿ ಅಂತ ನಿಮಗ ನಾ ಹೇಳಬೇಕಾಗಿಲ್ಲ. ಕೌದಿ ಒಗಿಯೂದು, ಡಬ್ಬಿ ತಿಕ್ಕೂದು, ಜೋಳದ ಚೀಲ ಸರಿಸಿ ಮೂಲಿ ಬಳಿಯೂದು, ಅಟ್ಟದ ಮ್ಯಾಲಿಂದೆಲ್ಲಾ ಕೆಳಗ ಇಳಸೂದು. ಹಿಂಗ ಇಳಸುವಾಗ ನನ್ನ ಮಗನ ಮೂರು ರಟ್ಟಿನ ಡಬ್ಬಿ ಕೈಗೆ ಬಂದ್ವು. ಅಂವ ಪುಣೆಕ್ಕ ನೌಕರಿಗೆ ಹೋಗಿ ಒಂಬತ್ತು ವರ್ಷಾತು. ಡಬ್ಬಿ ಮಾತ್ರ ಇಲ್ಲೇ ಧೂಳ ತಿನ್ನಕೋತ ಕುಂತಾವ.

ಒಳಗ ಏನು ಐತಿ ಅಂತ ನನಗ ಗೊತ್ತಿತ್ತು. ಪ್ಲಾಸ್ಟಿಕ್ ವಿಮಾನ. ಅರ್ಧ ಅಂಟಿಸಿದ್ದು, ಪೂರಾ ಅಂಟಿಸಿದ್ದು, ಬಣ್ಣದ ಸಣ್ಣ ಸೀಸೆ, ಒಣಗಿದ ಗೋಂದು, ಮತ್ತ ಮ್ಯಾಲ ನಾಕು ದಪ್ಪ ಇಂಗ್ಲಿಷ್ ಪುಸ್ತಕ. ಹೊರಗ ರದ್ದಿಯವ ಒದರಾಕತ್ತಿದ್ದ. ಡಬ್ಬಿ ಬಾಗಲದಾಗ ಇಟ್ಟು, ಯಾಕೋ ಮನಸ್ಸು ತಡೀಲಿಲ್ಲ, ಮಗಗ ಫೋನ್ ಹಚ್ಚಿದೆ.

"ಅವ್ವಾ, ಕೊಡಬ್ಯಾಡ. ಮ್ಯಾಲಿನ ಪುಸ್ತಕದಾಗ ನಾ ಒಂದು ಚೀಟಿ ಇಟ್ಟೀನಿ, ಆ ಪುಟ ಓದು. ಆಮ್ಯಾಲೂ ಕೊಡಬೇಕನ್ನಿಸಿದ್ರ ಕೊಡು" ಅಂದ.

ಪಿಯುಸಿ ಕಲಿತಾಕಿ ನಾ. ಇಂಗ್ಲಿಷ್ ಓದಾಕ ಬರ್ತೈತಿ, ಆದ್ರ ಅಕ್ಕಿ ಆರಿಸಿದಂಗ ಒಂದೊಂದೇ ಕಾಳು ಆರಿಸಿ ಓದಬೇಕು. ಆ ಪುಟ ಮುಗಿಸಾಕ ಎರಡು ಮಧ್ಯಾಹ್ನ ಹಿಡೀತು. ಓದಿದ್ದನ್ನ ನಿಮಗೂ ಹೇಳಬೇಕನ್ನಿಸ್ತು. ಆದ್ರ ಮೊದಲು ಈ ಆಟಿಗಿ ಅಂದ್ರ ಏನು, ಎಲ್ಲಿಂದ ಬಂತು ಅಂತ ಹೇಳ್ತೀನಿ. ಇದನ್ನ ಅರ್ಧ ಮಗನ ಕಡಿಂದ ಕೇಳಿ, ಅರ್ಧ ಓದಿ ತಿಳಕೊಂಡೀನಿ.

ಇದು ಅಂಗಡ್ಯಾಗ ತಯಾರ ಸಿಗೂ ಆಟಿಗಿ ಅಲ್ಲ. ಡಬ್ಬಿ ತಗದ್ರ ಒಳಗ ಪ್ಲಾಸ್ಟಿಕ್ ಚೌಕಟ್ಟು ಇರ್ತಾವ. ಬಳ್ಳಿಗೆ ಅವರಿಕಾಯಿ ಜೋತುಬಿದ್ದಂಗ ಅದಕ್ಕ ಸಣ್ಣ ಸಣ್ಣ ತುಂಡು ಹತ್ತಿರ್ತಾವ. ರೆಕ್ಕಿ, ಬಾಲ, ಗಾಲಿ, ಪೈಲಟ್ ಕೂಡೂ ಖುರ್ಚಿ. ಒಂದೊಂದೇ ಬಿಡಿಸಿ, ಅಂಚು ತಿಕ್ಕಿ, ಅಂಟಿಸಿ, ಬಣ್ಣಾ ಹಚ್ಚಬೇಕು. ಎಲ್ಲಾ ಒಂದು ಲೆಕ್ಕದ ಮ್ಯಾಲ. ನನ್ನ ಮಗನ ಡಬ್ಬಿ ಮ್ಯಾಲ 1/72 ಅಂತ ಬರದಿತ್ತು. ಅಂದ್ರ ಖರೇ ವಿಮಾನದ ಆರು ಫೂಟು ಇಲ್ಲಿ ಒಂದು ಇಂಚು. ಆರು ಫೂಟಿನ ಗಂಡಸು ಒಂದು ಇಂಚಿನವ ಆಗ್ತಾನ.

ಈ ಲೆಕ್ಕ ನನ್ನ ತಲ್ಯಾಗ ಕುಂದರ್ಲಿಲ್ಲ. ಆಗ ಮಗ ನಮ್ಮೂರ ಹಿಡಿದು ಹೇಳಿದ. ಗೋಳಗುಮ್ಮಟದ ಗುಮ್ಮಟ ಹೊರಗಿನ ಅಳತಿ 144 ಫೂಟು ಅಗಲ. ಅದನ್ನ ಈ ಲೆಕ್ಕದಾಗ ಮಾಡಿದ್ರ ಬರೇ ಎರಡು ಫೂಟು, ಮದುವಿ ಮನ್ಯಾಗ ಹಿಟ್ಟು ನಾದೂ ಪರಾತದಷ್ಟು. ಮಲಿಕ್-ಎ-ಮೈದಾನ್ ತೋಪು ಸುಮಾರು 14 ಫೂಟು ಉದ್ದ, 55 ಟನ್ ತೂಕ. 1549ರಾಗ ಅಹಮದನಗರದಾಗ ಎರಕಾ ಹೊಯ್ದು ಆಮ್ಯಾಲ ನಮ್ಮೂರಿಗೆ ತಂದದ್ದು. ಈ ಲೆಕ್ಕದಾಗ ಅದು ಎರಡು ಇಂಚು ಚಿಲ್ಲರ, ಒಂದು ಹಸಿಮೆಣಸಿನಕಾಯಿಯಷ್ಟು. ತೋಪಿನ ಬಾಯಾಗಿನ ಸಿಂಹದ ಹಲ್ಲು, ಆ ಹಲ್ಲಿನಾಗ ಸಿಕ್ಕ ಆನಿ, ಇಷ್ಟೂ ಒಂದು ಮೆಣಸಿನಕಾಯಿ ತುದಿಗೆ ಕೆತ್ತಬೇಕಂದ್ರ ಎಷ್ಟು ತಾಳ್ಮಿ ಬೇಕು ಅಂತ ವಿಚಾರ ಮಾಡ್ರಿ.

ಈ ಇಂಚು-ಆರು ಫೂಟಿನ ಲೆಕ್ಕ ಇಂಗ್ಲೆಂಡಿಂದು. 1932ರ ಹೊತ್ತಿಗೆ ಅಲ್ಲಿ ಸ್ಕೈಬರ್ಡ್ಸ್ ಅನ್ನೂ ಕಟ್ಟಿಗಿ ವಿಮಾನಗೋಳು ಈ ಅಳತ್ಯಾಗ ಬಂದ್ವು. 1936ರಾಗ ಫ್ರಾಗ್ ಅನ್ನೂ ಕಂಪನಿ ಪ್ಲಾಸ್ಟಿಕ್‌ನಾಗ ಮಾಡ್ತು. ಮುಂದ ಎಲ್ಲಾರಗಿಂತ ಹೆಸರು ಮಾಡಿದ್ದು ಏರ್‌ಫಿಕ್ಸ್. ಈ ಏರ್‌ಫಿಕ್ಸ್ ಮೊದಲು ಏನು ಮಾಡ್ತಿತ್ತು ಗೊತ್ತೇನ್ರಿ? ತಲಿ ಹಿಕ್ಕೊಳ್ಳೂ ಹಣಗಿ! ಹಂಗರಿ ದೇಶದಿಂದ ಬಂದ ನಿಕೊಲಾಸ್ ಕೋವ್ ಅನ್ನಾವ 1939ರಾಗ ಆ ಕಂಪನಿ ಸುರು ಮಾಡಿದ. ರಬ್ಬರ್ ಆಟಿಗಿ ಆತು, ಯುದ್ಧ ಮುಗದ ಮ್ಯಾಲ ಪ್ಲಾಸ್ಟಿಕ್ ಹಣಗಿ ಆತು, 1950ರ ದಶಕದಾಗ ಅಂಥವೇ ಯಂತ್ರದಾಗ ವಿಮಾನದ ರೆಕ್ಕಿ ಬರಾಕ ಹತ್ತಿದ್ವು. ಜಪಾನಿನ ತಮಿಯಾ ಕಂಪನಿದೂ ಹಂಗ. 1946ರಾಗ ಶಿಜುಒಕಾ ಊರಾಗ ಕಟ್ಟಿಗಿ ಅಡ್ಡಿ ಇಟ್ಟವರು ಆಮ್ಯಾಲ ಪ್ಲಾಸ್ಟಿಕ್ ಕಡೆ ಹೊರಳಿದ್ರು. ಹೊಟ್ಟಿಪಾಡು ಮನಷ್ಯಾನ್ನ ಎಲ್ಲಿಂದ ಎಲ್ಲಿಗೆ ಒಯ್ಯತೈತಿ ನೋಡ್ರಿ.

ಇಷ್ಟಕ್ಕ ಮುಗಿಯೂದಿಲ್ಲ. ಸೀರಿಗೆ ಫಾಲ್, ಗೊಂಡೆ ಬ್ಯಾರೆ ತಂದಂಗ ಇದಕ್ಕೂ ಮ್ಯಾಲಿನ ಸಾಮಾನು ಬ್ಯಾರೆ ಅದಾವ. ರಂಗೋಲಿ ಅಚ್ಚಿನ ತಗಡಿಗಿಂತ ತೆಳ್ಳಗಿನ ಹಿತ್ತಾಳಿ ಹಾಳಿ ಬರ್ತೈತಿ, ಅದರಾಗ ಪೈಲಟ್‌ನ ಬೆಲ್ಟು, ಬೆಲ್ಟಿನ ಕೊಂಡಿ ಸುದ್ದಾ ಕೊರದಿರ್ತಾರ. 1989ರಾಗ ಚೆಕ್ ದೇಶದಾಗ ಸುರುವಾದ ಎಡುವರ್ಡ್ ಕಂಪನಿ ಇದಕ್ಕ ಹೆಸರುವಾಸಿ. ವಿಮಾನದ ಮ್ಯಾಲಿನ ನಂಬರು, ನಮ್ಮ ವಾಯುಪಡೆಯ ಕೇಸರಿ-ಬಿಳಿ-ಹಸಿರು ಚಕ್ರ, ಇವು ನೀರಾಗ ನೆನಸಿ ಜಾರಿಸಿ ಅಂಟಿಸೂ ಚಿತ್ರಗೋಳು. ಯಾವ ವರ್ಷ ಯಾವ ದಳದ ವಿಮಾನಕ್ಕ ಯಾವ ಬಣ್ಣಾ, ಯಾವ ನಂಬರು ಇತ್ತು ಅಂತ ತಪ್ಪಬಾರದು. ಅದಕ್ಕಂತೇ ಆ ದಪ್ಪ ಪುಸ್ತಕ ಬೇಕು.

ನನಗ ಆಗ ಇದ್ಯಾವದೂ ತಿಳೀತಿರಲಿಲ್ಲ. ಅಂವ ಪಿಯುಸಿ ಓದುವಾಗ ರಾತ್ರಿ ದೀಪಾ ಹಚ್ಚಿಕೊಂಡು ಕುಂತ್ರ "ಓದಾಕಂತ ಕುಂತಾನೋ, ಆಡಾಕೋ" ಅಂತ ಸಿಟ್ಟು ಬರ್ತಿತ್ತು. ಒಮ್ಮೆ ಹಸಿ ಅರಿವಿ ತಗೊಂಡು ಕಪಾಟು ಒರಸೂ ಮುಂದ ಒಂದು ವಿಮಾನದ ಮುಂದಿನ ಸಣ್ಣ ಕೊಳವಿ ಲಟಕ್ಕಂತ ಮುರೀತು. ಅಂವ ನೋಡಿ ಸುಮ್ಮನ ನಿಂತ. ನಾ ಸುಮ್ಮನಿರಬೇಕಿಲ್ಲೋ? "ಮನ್ಯಾಗ ಯುದ್ಧದ ಸಾಮಾನು ಯಾಕ? ಮಂದಿ ಸಾಯೂದನ್ನ ಆಟಾ ಮಾಡ್ಕೊಂಡೀರಿ" ಅಂದೆ. ನಾಕು ದಿನಾ ಮಾತಾಡ್ಲಿಲ್ಲ ಅಂವ. ನಾ ಅಂದ ಮಾತು ಪೂರಾ ತಪ್ಪಂತ ಇವತ್ತಿಗೂ ನಾ ಹೇಳೂದಿಲ್ಲ. ಯುದ್ಧ ಆಟಾ ಅಲ್ಲ. ಆದ್ರ ಅಂವ ಆಟಾ ಆಡಾಕತ್ತಿದ್ನೇನು ಅನ್ನೂದು ನಾ ಕೇಳೇ ಇರಲಿಲ್ಲ.

ಯುದ್ಧದಾಗ ಈ ಮಾದರಿಗೋಳು ಜೀವಾ ಉಳಿಸೂ ಕೆಲಸಾನೂ ಮಾಡ್ಯಾವ. 1942ರಾಗ ಅಮೆರಿಕಾದ ನೌಕಾಪಡೆ ಸಾಲಿ ಹುಡುಗೂರಿಗೆ ಐದು ಲಕ್ಷ ಕಟ್ಟಿಗಿ ಮಾದರಿ ವಿಮಾನ ಮಾಡಿಕೊಡ್ರಿ ಅಂತ ಕೇಳಿಕೊಂಡಿತ್ತು. ಕರ್ರಗ ಬಣ್ಣಾ ಬಳದ ಆ ಮಾದರಿ ನೋಡಿ ನೋಡಿ ಸೈನಿಕರು ಮ್ಯಾಲ ಹಾರೂದು ನಮ್ಮದೋ ವೈರಿದೋ ಅಂತ ಗುರ್ತು ಹಿಡಿಯೂದು ಕಲತ್ರು. ತಮ್ಮವರನ್ನ ತಾವೇ ಹೊಡದು ಉರುಳಸಬಾರದಲ್ಲ, ಅದಕ್ಕ.

ಖರೇ ವಿಮಾನದ ಕಥಿ ನಮ್ಮ ಕರ್ನಾಟಕದ್ದೂ ಐತಿ. ಬೆಂಗಳೂರಿನ ಎಚ್‌ಎಎಲ್ 1940ರ ಡಿಸೆಂಬರ್‌ನಾಗ ಹುಟ್ತು. ಹುಟ್ಟಿಸಿದ ವಾಲ್‌ಚಂದ್ ಹೀರಾಚಂದ್ ನಮ್ಮ ಪಕ್ಕದ ಸೋಲಾಪುರದವರು, ಜೋಡಿ ಮೈಸೂರು ಸಂಸ್ಥಾನದ ಆಸರ. ಮಗನ ಎರಡನೇ ಡಬ್ಬ್ಯಾಗ ಇದ್ದದ್ದು ಅಲ್ಲೇ ತಯಾರಾದ ಮಾರುತ್. ಅದರ ನಕಾಶಿ ತಗದಾವ ಜರ್ಮನಿಯ ಕುರ್ಟ್ ಟಾಂಕ್, 1956ರಾಗ ಬೆಂಗಳೂರಿಗೆ ಬಂದಿದ್ದ. 1961ರ ಜೂನ್ 17ಕ್ಕ ಸುರಂಜನ್ ದಾಸ್ ಅದನ್ನ ಮೊದಲ ಸಲ ಹಾರಿಸಿದ್ರು. ವಿಮಾನದ ಮೈಕಟ್ಟು ಛಲೋ ಇತ್ತು, ಆದ್ರ ಅದಕ್ಕ ತಕ್ಕಂಥ ದೊಡ್ಡ ಎಂಜಿನ್ ಕಡೀತನಕ ಸಿಗಲಿಲ್ಲ. ಗಟ್ಟಿ ಎತ್ತಿನ ಗಾಡಿಗೆ ಹೋರಿಕರ ಹೂಡಿದಂಗ ಆತು. ಹಂಗಿದ್ರೂ 147 ವಿಮಾನ ಕಟ್ಟಿದ್ರು, 1971ರ ಯುದ್ಧದಾಗ ರಾಜಸ್ಥಾನದ ಕಡೆ ಅವು ಕೆಲಸ ಮಾಡಿದ್ವು. ದಾಸ್ ಅವರು 1970ರ ಜನವರಿಯಾಗ ಮಾರುತ್ ಪರೀಕ್ಷಾ ಮಾಡುವಾಗಲೇ ತೀರಿಕೊಂಡ್ರು. ಬೆಂಗಳೂರಾಗ ಅವರ ಹೆಸರಿನ ರಸ್ತೆ ಐತಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಕ್ಕ ಹೋದ್ರ ಖರೇ ಮಾರುತ್ ನೋಡಬಹುದು.

ಈಗ ಚೀಟಿ ಇಟ್ಟ ಪುಟದ ಮಾತು. ಪುಸ್ತಕ ಪಿ.ವಿ.ಎಸ್. ಜಗನ್ ಮೋಹನ್ ಮತ್ತ ಸಮೀರ್ ಚೋಪ್ರಾ ಬರದದ್ದು, 1965ರ ವಾಯುಯುದ್ಧದ ಮ್ಯಾಲ, 2005ರಾಗ ಬಂದದ್ದು. 1965 ಅಂದ್ರ ನಮ್ಮ ಅವ್ವಾರಿಗೆ ನೆನಪಿರೂದು ಒಂದೇ. ಶಾಸ್ತ್ರೀಜಿ ವಾರಕ್ಕೊಂದು ಹೊತ್ತಿನ ಊಟ ಬಿಡ್ರಿ ಅಂದ್ರು, ಮನಿಮಂದೆಲ್ಲಾ ಬಿಟ್ರು. ನಾವು ದಿನಾ ಕಾಯಿಪಲ್ಲೆಕ್ಕ ಹೋಗೂ ಮಾರ್ಕೆಟ್ಟಿಗೆ ಅವರ ಹೆಸರೇ ಇಟ್ಟಾರ. ಆ ಯುದ್ಧದಾಗ ಕೊಡಗಿನವರು ಒಬ್ಬರಿದ್ರು, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಹುಟ್ಟಿದ್ದು 1932ರಾಗ.

ಸಪ್ಟೆಂಬರ್ 7ರ ಮುಂಜಾನೆ ಪಂಜಾಬಿನ ಆದಂಪುರದಿಂದ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗೋಳು ಪಾಕಿಸ್ತಾನದ ಸರಗೋಧಾ ವಿಮಾನ ನಿಲ್ದಾಣದ ಮ್ಯಾಲ ಹೊಂಟಿದ್ವು. ದೇವಯ್ಯನವರು ಹೋಗೂವರ ಪಟ್ಟ್ಯಾಗ ಇರಲೇ ಇಲ್ಲ. ಯಾರದರ ವಿಮಾನ ಕೈಕೊಟ್ರ ಇರಲಿ ಅಂತ ತಯಾರ ಕುಂದರಿಸಿದ್ರು. ಒಂದು ವಿಮಾನ ಹಿಂದ ಉಳೀತು, ಇವರು ಹೋದ್ರು.

ತಿರುಗಿ ಬರುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಬೆನ್ನು ಹತ್ತು. ಅದು ಶಬ್ದಕ್ಕಿಂತ ಎರಡು ಪಟ್ಟು ಜೋರು ಹಾರೂ ಅಮೆರಿಕಾದ ವಿಮಾನ. ನಮ್ಮ ಮಿಸ್ಟೇರ್ ಫ್ರಾನ್ಸಿಂದು, ಸಮ ಹಾರಿದ್ರ ಶಬ್ದದ ವೇಗಾನೂ ಮುಟ್ಟತಿರಲಿಲ್ಲ. ದೇವಯ್ಯನವರ ವಿಮಾನಕ್ಕ ಪೆಟ್ಟು ಬಿತ್ತು. ಆದ್ರೂ ಅವರು ಹೊರಳಿ ನಿಂತು ಕಾದಾಡಿ ಆ ಸ್ಟಾರ್‌ಫೈಟರನ್ನ ಹೊಡದ್ರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್ ಕಟ್ಟಿಕೊಂಡು ಜಿಗದು ಬದುಕಿದ. ದೇವಯ್ಯನವರು ಬರಲಿಲ್ಲ.

ಜೋಡಿ ಹೋದವರ್ಯಾರೂ ಇದನ್ನ ಕಣ್ಣಾರೆ ಕಂಡಿರಲಿಲ್ಲ. ನಮ್ಮ ಕಡೆ ದಾಖಲಾದದ್ದು ಇಷ್ಟೇ, ಕಾಣಿಯಾಗ್ಯಾರ. ಹೆಂಗ ಹೋದ್ರು, ಏನು ಮಾಡಿ ಹೋದ್ರು, ಯಾರಿಗೂ ಗೊತ್ತಿಲ್ಲ. ಅವರ ಹೆಂಡ್ತಿ ಸುಂದರಿಯವರು ಆ ಒಂದು ಶಬ್ದ ಇಟ್ಟುಕೊಂಡು ವರ್ಷಗಟ್ಟಲೆ ಕುಂತ್ರು. ನಾವು ಹೆಣ್ಣುಮಕ್ಕಳು, ಗಂಡ ರಾತ್ರಿ ಎರಡು ತಾಸು ತಡಾ ಮಾಡಿದ್ರ ಬಾಗಲಕ್ಕೂ ಒಲಿಗೂ ಎಷ್ಟು ಸಲ ಅಡ್ಡಾಡ್ತೀವಿ? ಆ ತಾಯಿ ಹೆಂಗ ದಿನಾ ಕಳದಿರಬೇಕು ಅಂತ ಓದಕೋತ ನಾ ಪುಸ್ತಕ ಮಡಚಿ ಸುಮ್ಮನ ಕುಂತೆ. ಒಲಿ ಮ್ಯಾಲಿನ ಬ್ಯಾಳಿ ಹೊತ್ತಿದ್ದೂ ತಿಳೀಲಿಲ್ಲ.

ಮುಂದ ನಡದದ್ದು ಇದು. 1979ರಾಗ ಜಾನ್ ಫ್ರಿಕರ್ ಅನ್ನೂ ಇಂಗ್ಲಿಷ್ ಬರಹಗಾರ ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಆ ಯುದ್ಧದ ಬಗ್ಗೆ ಒಂದು ಪುಸ್ತಕ ಬರದ. ವಿಮಾನದ ಹುಚ್ಚಿದ್ದವರು ಓದೂ ಅಂಥಾ ಪುಸ್ತಕ. ಅದರಾಗ ಒಂದು ಮಿಸ್ಟೇರ್ ಹೊರಳಿ ಬಂದು ಸ್ಟಾರ್‌ಫೈಟರನ್ನ ಕೆಡವಿದ ಸಂಗತಿ ಇತ್ತು. ಅದನ್ನ ಓದಿದ ನಮ್ಮವರು ದಿನಾ, ಜಾಗಾ, ಬರದ ವಿಮಾನ ಯಾವುದು ಅಂತ ತಾಳಿ ಹಾಕಿ ನೋಡಿದ್ರು. ಅದು ದೇವಯ್ಯನವರದೇ. ಅವತ್ತು ಆ ದಾಳಿ ನಡಸಿದ ಕಮಾಂಡಿಂಗ್ ಆಫೀಸರ್ ತನೇಜಾ ಅವರು ಸರ್ಕಾರಕ್ಕ ಬರದ್ರು. 1988ರಾಗ, ಇಪ್ಪತ್ಮೂರು ವರ್ಷಕ್ಕ, ದೇವಯ್ಯನವರಿಗೆ ಮಹಾವೀರ ಚಕ್ರ ಕೊಟ್ರು. ಇವತ್ತು ಮಡಿಕೇರಿಯಾಗ ಅವರ ಹೆಸರಿನ ವೃತ್ತ ಐತಿ.

ಯಾವ ದೇಶದ ಮ್ಯಾಲ ಅವರು ಹೋಗಿದ್ರೋ ಆ ದೇಶದವರ ಬಾಯಿಂದಲೇ ಅವರ ಶೌರ್ಯ ತಿಳೀತು. ವಿಮಾನದ ನಂಬರು, ತಾರೀಖು ಬರದಿಟ್ಟುಕೊಳ್ಳೂ ಮಂದಿ ಇರಲಿಲ್ಲಂದ್ರ ಅದೂ ತಿಳೀತಿರಲಿಲ್ಲ. ನನ್ನ ಮಗ "ಬಣ್ಣಾ ತಪ್ಪಬಾರದು, ನಂಬರು ತಪ್ಪಬಾರದು" ಅಂತ ಯಾಕ ರಾತ್ರಿಯೆಲ್ಲಾ ಕುಂದರ್ತಿದ್ದ ಅಂತ ಆಗ ಗೊತ್ತಾತು. ಒಂದು ನಂಬರಿನ ಹಿಂದ ಒಬ್ಬ ಮನಷ್ಯಾ ಇರ್ತಾನ, ಅವನ ಮನಿ ಇರ್ತೈತಿ.

ಮಣ್ಣೆತ್ತಿನ ಅಮಾಸಿಗೆ ನಾವು ಮಣ್ಣಿನ ಎತ್ತು ಮಾಡ್ತೀವಲ್ಲ. ಕೋಡು, ಇಣಿ, ಬಾಲಾ ಎಲ್ಲಾ ತಿದ್ದಿ, ಜೋಳದ ಕಾಳು ಕಣ್ಣಾಗ ಇಟ್ಟು ಪೂಜಿ ಮಾಡ್ತೀವಿ. ಯಾರಾರ ಅದನ್ನ ಆಟಿಗಿ ಅಂತಾರೇನು? ದುಡದ ಜೀವಕ್ಕ ಋಣಾ ನೆನಸೂ ರೀತಿ ಅದು.

ಮೂರನೇ ಡಬ್ಬಿ ಕಡೀಕ ತಗದೆ. ಅರಿವ್ಯಾಗ ಸುತ್ತಿದ್ದ ಒಂದು ವಿಮಾನ, ಏಳು ಇಂಚು ಉದ್ದ, ಜೋಳದ ರೊಟ್ಟಿ ಮ್ಯಾಲ ಇಟ್ರ ಹಿಡೀತೈತಿ. ಮಿಸ್ಟೇರ್. ಅಂದು ನನ್ನ ಕೈಯಾಗ ಮುರದದ್ದು ಅದೇ. ಮುರದ ಕೊಳವಿ ಜಾಗಾದಾಗ ಒಂದು ಸೂಜಿ ಹಚ್ಚಿ ಬಣ್ಣಾ ಬಳದಿದ್ದ. ನೋಡಿದ್ರ ನನ್ನ ಹೊಲಿಗಿ ಡಬ್ಬಿಯ ಸಣ್ಣ ಸೂಜಿ! ಆ ವರ್ಷ ಜಂಪರಿನ ಗುಂಡಿ ಹಚ್ಚಾಕಂತ ಅದನ್ನ ಮನಿತುಂಬ ಹುಡುಕಿ ಎಲ್ಲಾರನ್ನೂ ಬೈದಿದ್ದೆ.

ಫೋನ್ ಹಚ್ಚಿ "ಸೂಜಿ ಸಿಕ್ತಪಾ" ಅಂದೆ. ಅಂವ ನಕ್ಕ. "ಆ ದಿನಾ ನಾ ಹಂಗ ಅನಬಾರದಾಗಿತ್ತು" ಅಂದೆ. "ಇರಲಿ ಬಿಡವ್ವಾ, ನೀನೂ ಖರೇನ ಹೇಳಿದ್ದಿ" ಅಂದ.

ಈ ಸಲ ಖಂಡೆ ಪೂಜಿಗೆ ಹೊಲಿಗಿ ಮಷೀನು, ಕತ್ತರಿ, ಈಳಿಗಿಮಣಿ ಜೋಡಿ ಆ ಮಿಸ್ಟೇರೂ ಇಟ್ಟು ಕುಂಕುಮ ಹಚ್ಚಿದೆ. ರೆಕ್ಕಿಗಲ್ಲ ಮತ್ತ, ಕೆಳಗಿನ ಮಣಿಗೆ. ಬಣ್ಣಾ ಕೆಟ್ರ ಮಗ ಮತ್ತ ನಾಕು ದಿನಾ ಮಾತಾಡೂದಿಲ್ಲ. ನಿಮ್ಮ ಮನಿ ಅಟ್ಟದ ಮ್ಯಾಲೂ ಹುಡುಗೂರ ಡಬ್ಬಿ ಇದ್ರ, ರದ್ದಿಯವಗ ಕೊಡೂ ಮುಂಚೆ ಒಂದು ಮಾತು ಕೇಳ್ರಿ.