ಹ್ಯಾಂಗ್ ಆಗುವ ಕಂಪ್ಯೂಟರ್: ದೋಷ ಪತ್ತೆ

ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್ ಕಂಪ್ಯೂಟರ್ ಕೆಲಸದ ನಡುವೆ ಯಾವ ಸೂಚನೆಯೂ ಕೊಡದೆ ಇದ್ದಲ್ಲೇ ನಿಂತುಬಿಡುವುದನ್ನು ಆಡುಮಾತಿನಲ್ಲಿ ‘ಹ್ಯಾಂಗ್ ಆಗುವುದು’ ಎನ್ನುತ್ತಾರೆ. ಪರದೆಯ ಮೇಲಿನ ಚಿತ್ರ ಹಾಗೆಯೇ ಇರುತ್ತದೆ, ಮೌಸಿನ ಬಾಣ ಕದಲುವುದಿಲ್ಲ. ಹಾಡು ಹಾಕಿದ್ದರೆ ಅದರ ಒಂದೇ ತುಣುಕು ಗರಗರ ಎಂದು ಸುತ್ತುತ್ತದೆ. ಪವರ್ ಬಟನ್ನನ್ನು ಒತ್ತಿ ಹಿಡಿದು ಆರಿಸದೆ ಬೇರೆ ದಾರಿ ಇರುವುದಿಲ್ಲ. ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳುವ ರೀಸ್ಟಾರ್ಟ್ ದೋಷ ಬೇರೆ, ಪೂರ್ತಿ ಆರಿಹೋಗುವ ದೋಷ ಬೇರೆ. ಮೂರಕ್ಕೂ ಕಾರಣಗಳು ಬೇರೆಬೇರೆಯಾಗಿರುವುದರಿಂದ ಪತ್ತೆಯ ಮೊದಲ ಹೆಜ್ಜೆಯೇ ಇವನ್ನು ಬಿಡಿಸಿ ನೋಡುವುದು.

ಹ್ಯಾಂಗ್ ದೋಷ ಹೊತ್ತು ಗೊತ್ತಿಲ್ಲದೆ ಬರುತ್ತದೆ ಎಂದು ಬಳಸುವವರು ಹೇಳುತ್ತಾರೆ. ಆದರೆ ನಿಜಕ್ಕೂ ಹೊತ್ತು ಗೊತ್ತಿಲ್ಲದೆ ಬರುವ ಹ್ಯಾಂಗ್ ತೀರ ಅಪರೂಪ. ಗೊತ್ತನ್ನು ಯಾರೂ ಬರೆದಿಟ್ಟುಕೊಂಡಿರುವುದಿಲ್ಲ, ಅಷ್ಟೆ. ದಿನಾಂಕ, ಗಂಟೆ, ಆಗ ತೆರೆದಿದ್ದ ಕೆಲಸ, ಫ್ಯಾನಿನ ಸದ್ದು, ಕರೆಂಟಿನ ಸ್ಥಿತಿ, ಇಷ್ಟನ್ನು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದರೆ ಅರ್ಧ ಪತ್ತೆ ಆದಂತೆಯೇ.

ಹುಲಿಹೈದರದಂಥ ಊರಿನಲ್ಲಿ

ಕೊಪ್ಪಳ ಜಿಲ್ಲೆಯ ಹುಲಿಹೈದರ ಮೊದಲು ಗಂಗಾವತಿ ತಾಲ್ಲೂಕಿನಲ್ಲಿತ್ತು, ಈಗ ಕನಕಗಿರಿ ತಾಲ್ಲೂಕಿಗೆ ಸೇರಿದೆ. ಇಂಥ ಊರಿನಲ್ಲಿ ದೋಷ ಪತ್ತೆಯ ಕ್ರಮವೇ ಬೇರೆಯಾಗಬೇಕಾಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯವನು ರ‍್ಯಾಮ್ ಬದಲಿಸಿ ನೋಡುತ್ತಾನೆ, ಎಸ್‌ಎಂಪಿಎಸ್ (ಕರೆಂಟು ಒದಗಿಸುವ ಪೆಟ್ಟಿಗೆ) ಬದಲಿಸಿ ನೋಡುತ್ತಾನೆ, ಗ್ರಾಫಿಕ್ಸ್ ಕಾರ್ಡ್ ಬದಲಿಸಿ ನೋಡುತ್ತಾನೆ. ಅವನ ಕಪಾಟಿನಲ್ಲಿ ಎಲ್ಲವೂ ಇವೆ. ಹಳ್ಳಿಯ ಮನೆಯಲ್ಲಿ ಇರುವುದು ಒಂದೇ ರ‍್ಯಾಮ್, ಒಂದೇ ಎಸ್‌ಎಂಪಿಎಸ್. ಭಾಗವೊಂದನ್ನು ವಾರಂಟಿಗೆ ಕಳಿಸಿದರೆ ಅದು ತಿರುಗಿ ಬರುವ ತನಕ ಕಂಪ್ಯೂಟರ್ ಮೂಲೆ ಹಿಡಿಯುತ್ತದೆ. ತಪ್ಪು ಭಾಗ ಕಳಿಸಿದ್ದರೆ ಆ ದಿನಗಳೂ ಹೋದವು, ಕೊರಿಯರ್ ಖರ್ಚೂ ಹೋಯಿತು. ಆದ್ದರಿಂದ ಇಲ್ಲಿ ಬದಲಿಸಿ ನೋಡುವ ವಿಧಾನಕ್ಕಿಂತ ಸಾಕ್ಷಿ ಕೂಡಿಸುವ ವಿಧಾನವೇ ಮೇಲು.

ಎರಡನೆಯ ವ್ಯತ್ಯಾಸ ಕರೆಂಟಿನದು. ದೊಡ್ಡ ಊರಿನವರಿಗಾಗಿ ಬರೆದ ಕೈಪಿಡಿಗಳು ರ‍್ಯಾಮ್‌ನಿಂದ ಅಥವಾ ಡ್ರೈವರ್‌ನಿಂದ ಆರಂಭಿಸುತ್ತವೆ. ಇಲ್ಲಿ ಆರಂಭಿಸಬೇಕಾದದ್ದು ಗೋಡೆಯ ಪ್ಲಗ್ಗಿನಿಂದ.

ಗೋಡೆಯ ಪ್ಲಗ್ಗು

ಮನೆಗೆ ಬರಬೇಕಾದ ಕರೆಂಟು 230 ವೋಲ್ಟ್. ಶೇ 6ರಷ್ಟು ಹೆಚ್ಚುಕಡಿಮೆ ಆಗಬಹುದು, ಅಂದರೆ ಸುಮಾರು 216ರಿಂದ 244ರ ತನಕ. ಕಾಲುವೆ ನೀರು ಮುಟ್ಟದ ಹೊಲಗಳಲ್ಲಿ ಬೋರ್‌ವೆಲ್ ಪಂಪ್‌ಸೆಟ್ಟುಗಳೇ ಆಧಾರ. ಪಂಪ್‌ಸೆಟ್ಟು ಮತ್ತು ಮನೆಗಳು ಒಂದೇ ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ಮೇಲಿದ್ದರೆ, ತ್ರೀ ಫೇಸ್ ಬಂದ ಕೂಡಲೇ ಮೋಟಾರುಗಳು ಒಟ್ಟಿಗೆ ಎದ್ದು ವೋಲ್ಟೇಜು ಕುಸಿಯುತ್ತದೆ. ಕೃಷಿ ಮತ್ತು ಮನೆ ಬಳಕೆಯ ಫೀಡರುಗಳನ್ನು ಬೇರೆ ಮಾಡುವ ನಿರಂತರ ಜ್ಯೋತಿ ಯೋಜನೆ ಇಂಥ ತೊಂದರೆಯನ್ನು ತಗ್ಗಿಸಬಲ್ಲದು. ಹ್ಯಾಂಗ್ ಆದ ಗಂಟೆಗಳನ್ನು ತ್ರೀ ಫೇಸ್ ಕೊಡುವ ಗಂಟೆಗಳ ಪಕ್ಕ ಇಟ್ಟು ನೋಡಿದರೆ ಹೊಂದಿಕೆ ಇದೆಯೋ ಇಲ್ಲವೋ ತಿಳಿಯುತ್ತದೆ.

ಒಳ್ಳೆಯ ಎಸ್‌ಎಂಪಿಎಸ್ 100ರಿಂದ 240 ವೋಲ್ಟಿನ ತನಕ ಏನು ಬಂದರೂ ನಿಭಾಯಿಸುತ್ತದೆ. ಕ್ಯಾಬಿನೆಟ್ಟಿನ ಜೊತೆಯೇ ಬರುವ ಅಗ್ಗದ ಎಸ್‌ಎಂಪಿಎಸ್‌ಗೆ ಅಷ್ಟು ತಾಳಿಕೆ ಇಲ್ಲ. ಒಳಬರುವ ವೋಲ್ಟೇಜು ತಗ್ಗಿದಾಗ ಅದು ಹೊರಗೆ ಕೊಡುವ 12, 5 ಮತ್ತು 3.3 ವೋಲ್ಟುಗಳಲ್ಲಿ ಏರಿಳಿತ ಹೆಚ್ಚುತ್ತದೆ. ಪೂರ್ತಿ ಕೈಕೊಟ್ಟರೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಕೈಕೊಡುವ ಅಂಚಿನಲ್ಲಿ ಕುಂಟುತ್ತಿದ್ದರೆ ಹ್ಯಾಂಗ್ ಆಗುತ್ತದೆ. ಅಳೆಯಲು ಸಾಮಾನ್ಯ ಮಲ್ಟಿಮೀಟರ್ ಸಾಕು. ಮೀಟರನ್ನು ಡಿ.ಸಿ.ಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಖಾಲಿ ಉಳಿದ ನಾಲ್ಕು ಪಿನ್ನಿನ ಕನೆಕ್ಟರ್‌ನ ಕಪ್ಪು ವೈರಿಗೆ, ಕೆಂಪು ಕಡ್ಡಿಯನ್ನು ಅದರ ಹಳದಿ ವೈರಿಗೆ ಮುಟ್ಟಿಸಬೇಕು. ಆಗ 11.4ರಿಂದ 12.6ರ ಒಳಗೆ ಬರಬೇಕು. ಕೆಂಪು ವೈರಿನಲ್ಲಿ 4.75ರಿಂದ 5.25. ಕಂಪ್ಯೂಟರ್ ಸುಮ್ಮನೆ ಕೂತಾಗ ಅಳೆದು ಪ್ರಯೋಜನವಿಲ್ಲ, ಭಾರದ ಕೆಲಸ ಕೊಟ್ಟು ಅಳೆಯಬೇಕು. ಕೆಲಸ ಕೊಟ್ಟಾಗ 12.1 ಇದ್ದದ್ದು 11.3ಕ್ಕೆ ಇಳಿದರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಗಟ್ಟಿ. ಮೀಟರು ಸರಿ ತೋರಿಸಿತೆಂದು ಅದು ನಿರ್ದೋಷಿಯೂ ಅಲ್ಲ. ಕ್ಷಣಕಾಲದ ಏರಿಳಿತ ಮೀಟರಿನ ಕಣ್ಣಿಗೆ ಬೀಳುವುದಿಲ್ಲ.

ಮನೆಯ ಇನ್ವರ್ಟರ್‌ಗೆ ಕಂಪ್ಯೂಟರ್ ಹಚ್ಚಿದ್ದರೆ ಅದರ ಹಿಂದಿನ ಪುಟ್ಟ ಸ್ವಿಚ್ಚನ್ನು ನೋಡಬೇಕು. ಬಹುತೇಕ ಇನ್ವರ್ಟರ್‌ಗಳಲ್ಲಿ ‘ನಾರ್ಮಲ್’ ಮತ್ತು ‘ಯುಪಿಎಸ್’ ಎಂಬ ಎರಡು ಸ್ಥಾನಗಳಿರುತ್ತವೆ. ಕರೆಂಟು ಹೋದಾಗ ಎಸ್‌ಎಂಪಿಎಸ್ ತನ್ನಲ್ಲಿ ಉಳಿದ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡು ಮಾತ್ರ ಉಸಿರು ಹಿಡಿಯಬಲ್ಲದು. ಯುಪಿಎಸ್ ಸ್ಥಾನದಲ್ಲಿ ಇನ್ವರ್ಟರ್ ಇದರೊಳಗೆ ಬ್ಯಾಟರಿಗೆ ಹಾರುತ್ತದೆ. ನಾರ್ಮಲ್‌ನಲ್ಲಿ ಅದಕ್ಕಿಂತ ತಡವಾಗುತ್ತದೆ, ಜೊತೆಗೆ ತೀರ ತಗ್ಗಿದ ವೋಲ್ಟೇಜನ್ನೂ ಅದು ಹಾಗೆಯೇ ಒಳಗೆ ಬಿಡುತ್ತದೆ. ಎಷ್ಟೋ ಮನೆಗಳ ‘ಕಂಪ್ಯೂಟರ್ ಕೆಟ್ಟಿದೆ’ ಎಂಬ ದೂರು ಈ ಒಂದು ಸ್ವಿಚ್ಚಿನಲ್ಲಿ ಮುಗಿಯುತ್ತದೆ.

ಅರ್ಥಿಂಗ್ ಬಗ್ಗೆ ಹೆಚ್ಚು ಹೇಳಲೇಬೇಕು, ಏಕೆಂದರೆ ಅದನ್ನು ಕೇಳುವವರೇ ಇಲ್ಲ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಹಿಂಬದಿಯ ತಗಡನ್ನು ಮುಟ್ಟಿದರೆ ಬೆರಳು ಜುಮ್ ಎನ್ನುತ್ತದೆಯೇ? ಹಾಗಿದ್ದರೆ ಪ್ಲಗ್ಗಿನ ಮೂರನೆಯ ತೂತು ಹೆಸರಿಗೆ ಮಾತ್ರ ಇದೆ ಎಂದು ಅರ್ಥ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸೋರಿಕೆಯನ್ನು ಅರ್ಥಿಗೆ ಇಳಿಸುವಂತೆ ಜೋಡಣೆಯಾಗಿರುತ್ತವೆ. ಅರ್ಥ್ ಇಲ್ಲದಿದ್ದರೆ ತಗಡಿನ ಮೇಲೆ ಮೇನ್ಸಿನ ಅರ್ಧದಷ್ಟು, ಅಂದರೆ 115 ವೋಲ್ಟಿನ ಆಸುಪಾಸು, ಕೂತುಬಿಡುತ್ತದೆ. ಆ ಸ್ಥಿತಿಯಲ್ಲಿ ಪೆನ್‌ಡ್ರೈವ್ ಚುಚ್ಚಿದರೆ, ಪ್ರಿಂಟರ್ ಕೇಬಲ್ ಹಚ್ಚಿದರೆ, ಕಿಡಿಯಷ್ಟು ಚಿಕ್ಕ ಆಘಾತವೂ ಯುಎಸ್‌ಬಿ ಮಾರ್ಗವಾಗಿ ಮದರ್‌ಬೋರ್ಡನ್ನು ತಲುಪಿ ಕಂಪ್ಯೂಟರನ್ನು ನಿಲ್ಲಿಸಬಲ್ಲದು. ಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಇರಬಾರದು, ಫೇಸ್ ಮತ್ತು ಅರ್ಥ್ ನಡುವೆ ಹತ್ತಿರ ಹತ್ತಿರ 230 ಬರಬೇಕು. ಅರ್ಥ್ ಗುಂಡಿಗೆ ಇದ್ದಿಲು, ಉಪ್ಪು ತುಂಬುವುದು ಮಣ್ಣಿನ ತೇವ ಹಿಡಿದಿಡಲಿಕ್ಕೆ. ಬೇಸಿಗೆಯಲ್ಲಿ ನೆಲ ಒಣಗಿ ಬಿರಿದಾಗ ಗುಂಡಿಯೂ ಒಣಗುತ್ತದೆ. ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಸುರಿಯಬೇಕು ಎನ್ನುವುದು ಹಳೆಯ ಲೈನ್‌ಮನ್‌ಗಳು ಹೇಳುವ ಮಾತು, ಅದು ಸರಿಯಾದ ಮಾತು. ಪ್ಲಗ್ಗಿನ ಅಳತೆಯನ್ನು ಅನುಭವವಿಲ್ಲದವರು ಮಾಡಬಾರದು, ವೈರಿಂಗ್ ಬಲ್ಲವರಿಂದ ಮಾಡಿಸಬೇಕು.

ಹ್ಯಾಂಗ್ ಆದ ಕ್ಷಣದಲ್ಲಿ

ಆ ಕ್ಷಣದಲ್ಲಿ ಪವರ್ ಬಟನ್ನಿಗೆ ಕೈಹಾಕುವ ಮೊದಲು ಕೀಬೋರ್ಡಿನ ನಮ್ ಲಾಕ್ ಒತ್ತಬೇಕು. ಅದರ ದೀಪ ಹೊತ್ತಿ ಆರುತ್ತಿದ್ದರೆ ಒಳಗಿನ ವ್ಯವಸ್ಥೆ ಇನ್ನೂ ಜೀವಂತವಿದೆ, ದೋಷ ಗ್ರಾಫಿಕ್ಸ್ ಡ್ರೈವರಿನಲ್ಲೋ ಒಂದು ತಂತ್ರಾಂಶದಲ್ಲೋ ಇರಬಹುದು. ದೀಪ ಕದಲದಿದ್ದರೆ ಪೂರ್ತಿ ನಿಂತಿದೆ: ರ‍್ಯಾಮ್, ಪ್ರೊಸೆಸರ್, ಮದರ್‌ಬೋರ್ಡ್, ಎಸ್‌ಎಂಪಿಎಸ್ ಕಡೆ ನೋಡಬೇಕು. ಮೌಸ್ ಓಡಾಡುತ್ತಿದ್ದು ಯಾವುದೂ ತೆರೆಯದೆ, ಕ್ಯಾಬಿನೆಟ್ಟಿನ ಡಿಸ್ಕ್ ದೀಪ ಬಿಡದೆ ಉರಿಯುತ್ತಿದ್ದರೆ ಡಿಸ್ಕು ಉತ್ತರ ಕೊಡುತ್ತಿಲ್ಲ.

ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದವರಿಗೆ ‘ಕರ್ನಲ್ ಪವರ್ 41’ ಎಂಬ ಕೆಂಪು ಸಾಲು ಕಂಡೇ ಕಾಣುತ್ತದೆ. ಅದನ್ನು ನೋಡಿ ಎಸ್‌ಎಂಪಿಎಸ್ ಕೊಂಡವರು ಬಹಳ. ಕಂಪ್ಯೂಟರನ್ನು ಕ್ರಮವಾಗಿ ಆರಿಸಲಿಲ್ಲ ಎಂದಷ್ಟೇ ಅದರ ಅರ್ಥ. ಬಟನ್ ಒತ್ತಿ ಆರಿಸಿದರೂ ಅದೇ ಸಾಲು ಬರುತ್ತದೆ. ನೋಡಬೇಕಾದದ್ದು ಅದಕ್ಕಿಂತ ಮುಂಚಿನ ಸಾಲುಗಳನ್ನು. ‘ವಿಯಾ ಲಾಗರ್’ ಹೆಸರಿನದಿದ್ದರೆ ಯಂತ್ರಾಂಶವೇ ದೋಷ ಒಪ್ಪಿಕೊಂಡಿದೆ, 129 ಅಥವಾ 153 ಸಂಖ್ಯೆಯ ಡಿಸ್ಕ್ ಸಾಲುಗಳಿದ್ದರೆ ಡಿಸ್ಕ್ ಅಥವಾ ಅದರ ಕೇಬಲ್. ಏನೂ ದಾಖಲಾಗದೆ ಸುಮ್ಮನೆ ನಿಂತಿದ್ದರೆ ಅದೂ ಒಂದು ಸಾಕ್ಷಿಯೇ, ಬರೆಯುವಷ್ಟೂ ಸಮಯ ಸಿಕ್ಕಿಲ್ಲ ಎಂದು ತಿಳಿಯಬೇಕು. ಯಂತ್ರಾಂಶವೋ ತಂತ್ರಾಂಶವೋ ಎಂಬ ಜಗಳ ತೀರಿಸಲು ಪೆನ್‌ಡ್ರೈವಿನಿಂದ ಲಿನಕ್ಸ್ ಹೊತ್ತಿಸಿ ಒಂದು ದಿನ ಬಳಸುವುದು ಚೆನ್ನಾದ ಉಪಾಯ. ಅಲ್ಲಿಯೂ ನಿಂತರೆ ವಿಂಡೋಸ್ ಮತ್ತೆ ಹಾಕಿಸಿ ಫಲವಿಲ್ಲ.

ರ‍್ಯಾಮ್

ಮೆಮ್‌ಟೆಸ್ಟ್86 ಎಂಬ ಉಚಿತ ತಂತ್ರಾಂಶ 1994ರಿಂದ ಇದೆ. ಪೆನ್‌ಡ್ರೈವಿನಿಂದ ಅದನ್ನು ಹೊತ್ತಿಸಿ ರಾತ್ರಿಯಿಡೀ ಬಿಡಬೇಕು, ಕಡಿಮೆಯೆಂದರೆ ನಾಲ್ಕು ಸುತ್ತು. ಕರೆಂಟು ನಿಲ್ಲದ ರಾತ್ರಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಒಂದೇ ಒಂದು ದೋಷ ತೋರಿಸಿದರೂ ರ‍್ಯಾಮ್ ಫೇಲ್, ಇಲ್ಲಿ ‘ಒಂದೇ ತಾನೆ’ ಎಂಬ ಮಾತಿಲ್ಲ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಒಂದೇ ಸ್ಲಾಟಿನಲ್ಲಿಟ್ಟು ಪರೀಕ್ಷಿಸಬೇಕು. ಆಗ ರ‍್ಯಾಮ್ ಕೆಟ್ಟದ್ದೋ ಸ್ಲಾಟ್ ಕೆಟ್ಟದ್ದೋ ಬೇರೆಯಾಗುತ್ತದೆ. ರ‍್ಯಾಮಿನ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕುವ ನಮ್ಮ ಊರುಗಳ ರಿಪೇರಿ ಕೆಲಸ ಮಾಡುತ್ತದೆ, ಆದರೆ ಹಗುರ ಕೈಯಲ್ಲಿ, ಪುಡಿ ಉಳಿಯದಂತೆ.

ಹೊಸದಾಗಿ ಜೋಡಿಸಿದ ಕಂಪ್ಯೂಟರಿನಲ್ಲಿ ಬಯೋಸ್‌ನ ಎಕ್ಸ್‌ಎಂಪಿ ಆಯ್ಕೆಯನ್ನು ಮೊದಲು ಆಫ್ ಮಾಡಬೇಕು. ಪೆಟ್ಟಿಗೆಯ ಮೇಲೆ 3200, 3600 ಎಂದು ಅಚ್ಚಾಗಿದ್ದರೂ ಅದು ರ‍್ಯಾಮನ್ನು ಅದರ ಮೂಲ ವೇಗಕ್ಕಿಂತ ಮೇಲೆ ಓಡಿಸುವ ಆಯ್ಕೆ. ಡಿಡಿಆರ್4ಗೆ 1.2 ವೋಲ್ಟ್ ಇದ್ದದ್ದು ಹೆಚ್ಚಾಗಿ 1.35 ಆಗುತ್ತದೆ. ಅದನ್ನು ಆಫ್ ಮಾಡಿದ ಮೇಲೆ ಹ್ಯಾಂಗ್ ನಿಂತರೆ ಯಾವ ಭಾಗವನ್ನೂ ಕೊಳ್ಳಬೇಕಿಲ್ಲ, ತುಸು ವೇಗ ಬಿಟ್ಟುಕೊಟ್ಟರೆ ಸಾಕು.

ಬಿಸಿಲು, ದೂಳು

ಏಪ್ರಿಲ್, ಮೇ ತಿಂಗಳಲ್ಲಿ ಕೊಪ್ಪಳ ಸೀಮೆಯ ಮಧ್ಯಾಹ್ನ 40 ಡಿಗ್ರಿಯ ಸಮೀಪ ಹೋಗುತ್ತದೆ. ಪ್ರೊಸೆಸರ್ 95ರಿಂದ 100 ಡಿಗ್ರಿ ಮುಟ್ಟಿದಾಗ ತಾನೇ ವೇಗ ತಗ್ಗಿಸುತ್ತದೆ, ಮೀರಿದರೆ ಆರಿಹೋಗುತ್ತದೆ. ಹೀಗಾಗಿ ಬರಿಯ ಪ್ರೊಸೆಸರ್ ಬಿಸಿ ಹ್ಯಾಂಗಿಗೆ ಕಾರಣವಾಗುವುದು ಕಡಿಮೆ. ಅದರ ಸುತ್ತಲಿನ ವೋಲ್ಟೇಜ್ ಭಾಗಗಳು, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗಿ ನಿಲ್ಲಿಸುವುದು ಹೆಚ್ಚು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಹಚ್ಚಿ ಒಂದು ಮಧ್ಯಾಹ್ನ ನಡೆಸಿದರೆ ಉತ್ತರ ಸಿಗುತ್ತದೆ. ಸುಗ್ಗಿಯ ದೂಳು ಹೀಟ್‌ಸಿಂಕಿನಲ್ಲಿ ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಗಾಳಿಗೆ ತಿರುಗಿದ ಫ್ಯಾನು ಡೈನಮೋದಂತೆ ಕರೆಂಟು ಹುಟ್ಟಿಸಿ ಮದರ್‌ಬೋರ್ಡಿಗೆ ತಿರುಗಿಸಬಹುದು.

ಹಳೆಯ ಮದರ್‌ಬೋರ್ಡಾದರೆ ಕೆಪಾಸಿಟರ್‌ಗಳ ತಲೆ ನೋಡಬೇಕು. ಸುಮಾರು 1999ರಿಂದ 2007ರ ನಡುವೆ ತಯಾರಾದ ಎಷ್ಟೋ ಬೋರ್ಡುಗಳಲ್ಲಿ ಕಳಪೆ ದ್ರಾವಣ ತುಂಬಿದ ಕೆಪಾಸಿಟರ್‌ಗಳಿದ್ದು, ಬೇಗನೆ ಉಬ್ಬಿ ಒಸರಿ ಕೈಕೊಟ್ಟವು. ತಲೆ ಚಪ್ಪಟೆಯಾಗಿರಬೇಕು, ಗುಮ್ಮಟವಾಗಿದ್ದರೆ ಅದು ಸತ್ತಂತೆ.

ತಯಾರಕರಿಂದಲೇ ಬಂದ ದೋಷಗಳು

ಎಲ್ಲ ಹ್ಯಾಂಗೂ ಜೋಡಿಸಿದವನ ತಪ್ಪಲ್ಲ. 1997ರಲ್ಲಿ ಇಂಟೆಲ್ ಪೆಂಟಿಯಂ ಪ್ರೊಸೆಸರ್‌ನಲ್ಲಿ ಪತ್ತೆಯಾದ ‘ಎಫ್‌ಝೀರೋಝೀರೋಎಫ್’ ದೋಷದಿಂದ ಒಂದೇ ಒಂದು ಆದೇಶಕ್ಕೆ ಇಡೀ ಕಂಪ್ಯೂಟರ್ ಕಲ್ಲಾಗುತ್ತಿತ್ತು. ಕ್ರೂಶಿಯಲ್ ಎಂ4 ಎಂಬ ಎಸ್‌ಎಸ್‌ಡಿ ಸುಮಾರು 5184 ಗಂಟೆ ಓಡಿದ ಮೇಲೆ ಉತ್ತರ ಕೊಡುವುದನ್ನು ನಿಲ್ಲಿಸುತ್ತಿತ್ತು. ಮತ್ತೆ ಹೊತ್ತಿಸಿದರೆ ಒಂದು ಗಂಟೆ ನಡೆದು ಮತ್ತೆ ನಿಲ್ಲುತ್ತಿತ್ತು. 2012ರ ಜನವರಿಯಲ್ಲಿ ಬಂದ ಫರ್ಮ್‌ವೇರ್ ಅದನ್ನು ಸರಿಪಡಿಸಿತು. ಮೊದಲ ತಲೆಮಾರಿನ ಎಎಂಡಿ ರೈಜನ್ ಲಿನಕ್ಸಿನಲ್ಲಿ ಕೆಲಸವಿದ್ದಾಗ ಅಲ್ಲ, ಸುಮ್ಮನಿದ್ದಾಗಲೇ ನಿಲ್ಲುತ್ತಿತ್ತು. ತೀರ ಕಡಿಮೆ ವಿದ್ಯುತ್ ಸೆಳೆಯುವ ಸ್ಥಿತಿಗೆ ಇಳಿಯದಂತೆ ಬಯೋಸ್‌ನಲ್ಲಿ ಒಂದು ಆಯ್ಕೆ ಬದಲಿಸಿದರೆ ಅನೇಕರಿಗೆ ಸರಿಹೋಯಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಬೇಡಿ ಸವೆಯುತ್ತಿದ್ದುದಕ್ಕೆ 2024ರ ಆಗಸ್ಟ್‌ನಲ್ಲಿ ಪರಿಹಾರ ಬಂತು, ಕಂಪನಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆಗಲೇ ಸವೆದ ಪ್ರೊಸೆಸರ್ ಮಾತ್ರ ಆ ಪರಿಹಾರದಿಂದ ಮರಳಿ ಸರಿಯಾಗುವುದಿಲ್ಲ, ಬದಲಿಸಿಕೊಳ್ಳಲೇಬೇಕು. ಆದ್ದರಿಂದ ಬಯೋಸ್ ಮತ್ತು ಎಸ್‌ಎಸ್‌ಡಿ ಫರ್ಮ್‌ವೇರ್ ಹೊಸದಾಗಿದೆಯೇ ಎಂದು ನೋಡುವುದು ಖರ್ಚಿಲ್ಲದ ಹೆಜ್ಜೆ. ಬಯೋಸ್ ಬರೆಯುವಾಗ ಕರೆಂಟು ಹೋದರೆ ಬೋರ್ಡೇ ಸಾಯಬಹುದು, ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬಾರದು.

ವಾರಂಟಿಗೆ ಕಳಿಸುವಾಗ

ಜೋಡಿಸಿದ ಕಂಪ್ಯೂಟರ್‌ಗೆ ಇಡಿಯಾಗಿ ಒಂದು ವಾರಂಟಿ ಇರುವುದಿಲ್ಲ, ಭಾಗಕ್ಕೊಂದು ಇರುತ್ತದೆ. ಪ್ರೊಸೆಸರ್‌ಗೆ ಸಾಮಾನ್ಯವಾಗಿ ಮೂರು ವರ್ಷ, ಹಲವು ರ‍್ಯಾಮ್‌ಗಳಿಗೆ ಅದಕ್ಕಿಂತ ಬಹಳ ಹೆಚ್ಚು. ಮೆಮ್‌ಟೆಸ್ಟ್ ಕೆಂಪು ಸಾಲು ತೋರಿಸಿದಾಗ ಮೊಬೈಲಿನಲ್ಲಿ ಫೋಟೊ ತೆಗೆದು, ನೋಟ್‌ಬುಕ್ಕಿನ ಆ ಪುಟದ ಜೊತೆ ಪೆಟ್ಟಿಗೆಯಲ್ಲಿಟ್ಟು ಕಳಿಸಿ. ಕೊಂಡ ದಿನದ ಬಿಲ್ಲು ಥರ್ಮಲ್ ಕಾಗದದ್ದಾಗಿದ್ದರೆ ಅಕ್ಷರ ಬೇಗ ಮಾಸಬಹುದು, ಇಂದೇ ಒಂದು ಜೆರಾಕ್ಸ್ ಮಾಡಿಸಿಡಿ.