ವೀರಗಲ್ಲೂ ಊರಿನ ಸಭಾಗೃಹವೂ

ಯುದ್ಧದಲ್ಲಿ ಮಡಿದವರ ಸ್ಮಾರಕವೆಂದೊಡನೆ ಕಂಬವೋ ಪ್ರತಿಮೆಯೋ ಕಣ್ಣಮುಂದೆ ನಿಲ್ಲುವುದು ಸಹಜ. ಆದರೆ 1914ರಿಂದ 1918ರ ವರೆಗೆ ನಡೆದ ಮಹಾಯುದ್ಧವು ಮುಗಿದ ತರುವಾಯ ಆಂಗ್ಲದೇಶ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಹಳ್ಳಿಗಳಲ್ಲಿ ಬೇರೊಂದು ವಿಚಾರವು ತಲೆದೋರಿತು. ಸತ್ತವರ ನೆನಪು ಬದುಕಿರುವವರ ಉಪಯೋಗಕ್ಕೂ ಏಕೆ ಒದಗಬಾರದೆಂದು ಹಲವರು ಕೇಳಿದರು. ಅದರಿಂದ ಸ್ಮಾರಕದ ಗಾಂಭೀರ್ಯವು ಕೆಡುವುದೆಂದು ಮತ್ತೆ ಕೆಲವರು ಆಕ್ಷೇಪಿಸಿದರು. ಕಡೆಗೆ ಅನೇಕ ಗ್ರಾಮಗಳಲ್ಲಿ ಸಭಾಗೃಹಗಳೇ ಯುದ್ಧಸ್ಮಾರಕಗಳಾಗಿ ಎದ್ದುವು. ಮಡಿದ ಯೋಧರ ಹೆಸರುಗಳನ್ನು ಹೊತ್ತ ಗೋಡೆಯೆದುರಿನಲ್ಲಿಯೇ ಊರವರ ಸಭೆಯೂ ಔತಣವೂ ಸಂಗೀತವೂ ನಡೆಯತೊಡಗಿದುವು.

ಈ ಪ್ರಶ್ನೆಗೆ ಕನ್ನಡ ನಾಡು ಸಾವಿರ ವರ್ಷಗಳ ಹಿಂದೆಯೇ ತನ್ನದೊಂದು ಉತ್ತರವನ್ನು ಕಂಡುಕೊಂಡಿದ್ದಿತು. ಅದೇ ವೀರಗಲ್ಲು. ಸಾಮಾನ್ಯವಾಗಿ ಅದರ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಆದರೆ ಕಲ್ಲನ್ನು ನಿಲ್ಲಿಸಿದ ಮಾತ್ರಕ್ಕೆ ಸ್ಮಾರಕವು ಪೂರ್ಣವಾಗುತ್ತಿರಲಿಲ್ಲ. ಅನೇಕವೇಳೆ ಅದರೊಡನೆ ಭೂಮಿಯ ದಾನವೂ ಸೇರುತ್ತಿದ್ದಿತು.

ಬೆಂಗಳೂರಿನ ಬೇಗೂರಿನಲ್ಲಿ ದೊರೆತ ಗಂಗರ ಕಾಲದ ಶಿಲೆಯನ್ನು ನೋಡಿರಿ. ಎರೆಯಪ್ಪರಸನ ಆಜ್ಞೆಯಂತೆ ನಾಗತ್ತರನು ವೀರಮಹೇಂದ್ರನ ಮೇಲೆ ನಡೆದು, ತುಂಬೆಪಾಡಿಯ ಕಾಳಗದಲ್ಲಿ ಆನೆಗಳ ನಡುವೆ ನುಗ್ಗಿ ಮಡಿದನು. ಆಗ ಅರಸನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೇಗೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು.

ಚನ್ನಪಟ್ಟಣಕ್ಕೆ ನೆರೆಯಾದ ಮದ್ದೂರು ತಾಲ್ಲೂಕಿನ ಆತಕೂರು ಶಾಸನವು ಇನ್ನೂ ಕುತೂಹಲಕರವಾದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಮಾಡಿದ ಯುದ್ಧವನ್ನೂ, ಅದರಲ್ಲಿ ಗಂಗ ಬೂತುಗನೂ ಅವನ ಭಟ ಮಣಲೇರನೂ ತೋರಿದ ಪರಾಕ್ರಮವನ್ನೂ ಅದು ಹೇಳುತ್ತದೆ. ಮಣಲೇರನು ಬೂತುಗನಿಂದ ಮೆಚ್ಚಾಗಿ ಬೇಡಿ ಪಡೆದುದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಕ್ರಿ. ಶ. 949-50ರ ಸುಮಾರಿಗೆ ಸೇರಿದ ಈ ಕಲ್ಲನ್ನು ಚಲ್ಲೇಶ್ವರ ದೇವಾಲಯದ ಮುಂದೆ ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಅಷ್ಟೇ ಅಲ್ಲ, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ವಿಧಿಸಿದರು. ಒಂದು ಮೂಕಪ್ರಾಣಿಯ ನೆನಪನ್ನೂ ಹೀಗೆ ನಿತ್ಯದ ಊಟದೊಡನೆ ಕಟ್ಟಿಹಾಕಿದ ಹಿರಿಯರಿಗೆ, ಸ್ಮರಣೆಯು ತಾನಾಗಿ ಉಳಿಯುವುದಿಲ್ಲವೆಂಬುದು ಚೆನ್ನಾಗಿ ತಿಳಿದಿದ್ದಿತು.

ಈ ಎರಡು ಶಿಲೆಗಳೂ ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿ ಸುರಕ್ಷಿತವಾಗಿವೆ. ಆದರೆ ಸಂಗ್ರಹಾಲಯವು ಕಲ್ಲನ್ನು ಕಾಪಾಡಬಲ್ಲುದೇ ಹೊರತು, ಊರು ಅದರೊಡನೆ ಇಟ್ಟುಕೊಂಡಿದ್ದ ಬಾಳುವೆಯನ್ನು ಕಾಪಾಡಲಾರದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳ ಶಾಸನಗಳನ್ನು ಬಿ. ಎಲ್. ರೈಸರು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಹೀಗೆ ಅಕ್ಷರಗಳೇನೋ ಉಳಿದುವು. ಕೆರೆಯ ಏರಿಯ ಮೇಲೆ ಹೂತುಹೋದ ಕಲ್ಲನ್ನು ಬಟ್ಟೆ ಒಗೆಯುವ ಹಾಸಾಗಿ ಮಾಡದೆ ಉಳಿಸಿಕೊಳ್ಳುವುದು ಆಯಾ ಊರಿನವರ ಕೈಯಲ್ಲಿದೆ.

ಹಳ್ಳಿಗೊಂದು ಸಭಾಭವನವನ್ನು ಕಟ್ಟುವಾಗ ಊರಿನ ವೀರಗಲ್ಲನ್ನು, ತಜ್ಞರ ಸಲಹೆಯನ್ನು ಪಡೆದು, ಅದರ ಜಗಲಿಯ ಬಳಿ ನಿಲ್ಲಿಸಬಹುದು. ಕಲ್ಲಿನ ಮೇಲಣ ಬರಹವನ್ನು ಇಂದಿನ ಕನ್ನಡದಲ್ಲಿ ಗೋಡೆಯ ಮೇಲೆ ಬರೆಯಿಸಬಹುದು. ಇದಕ್ಕೆ ಹೆಚ್ಚಿನ ಹಣವೇನೂ ಬೇಕಿಲ್ಲ. ಸಭೆಗೆ ಬಂದವರು ಒಳಗೆ ಹೋಗುವ ಮುನ್ನ ತಮ್ಮ ಊರಿಗಾಗಿ ಮಡಿದವನ ಹೆಸರನ್ನು ಒಮ್ಮೆ ಓದಿಕೊಂಡರೆ, ಕಲ್ಲನ್ನು ನಿಲ್ಲಿಸಿದವರ ಉದ್ದೇಶವು ಸಫಲವಾದಂತೆಯೇ ಸರಿ.