ಪದವಿಗೂ ಕೆಲಸಕ್ಕೂ ನಡುವೆ

1913ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸಿಡೆನ್‌ಹ್ಯಾಮ್ ಕಾಲೇಜನ್ನು ಏಷ್ಯಾದ ಮೊದಲ ವಾಣಿಜ್ಯ ಕಾಲೇಜು ಎನ್ನುತ್ತಾರೆ. ಡಾ. ಬಿ.ಆರ್. ಅಂಬೇಡ್ಕರ್ 1918ರಿಂದ 1920ರವರೆಗೆ ಅಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅಂದಿನ ಮುಂಬಯಿಯಲ್ಲಿ ವ್ಯಾಪಾರ ಕಲಿಯಲು ಕಾಲೇಜೇ ಬೇಕೆಂದಿರಲಿಲ್ಲ. ಸೇಠರ ಮಗ ಪೇಢಿಯಲ್ಲಿ ಕುಳಿತು, ಖಾತೆ ಬರೆಯುತ್ತಲೇ ಕಲಿಯುತ್ತಿದ್ದ. ಕಾಲೇಜು ಬೇಕಾದದ್ದು ಪೇಢಿ ಇಲ್ಲದವರಿಗೆ. ಆದರೆ ಲೆಕ್ಕಪತ್ರ, ಬ್ಯಾಂಕಿಂಗ್, ವ್ಯಾಪಾರ ಕಾನೂನು ಓದಿ ಹೊರಬಂದವನಿಗೆ ಕೆಲಸದ ಬಾಗಿಲು ತೋರಿಸುವವರು ಯಾರು? ವಾಣಿಜ್ಯ ಶಿಕ್ಷಣದ ಜೊತೆಗೇ ಹುಟ್ಟಿದ ಪ್ರಶ್ನೆ ಇದು.

ಮೊದಲ ಉತ್ತರ ಬಂದದ್ದು ಕಾಲೇಜಿನ ಹೊರಗಿನಿಂದ. ಕಚೇರಿಗಳಿಗೆ ಬೇಕಿದ್ದದ್ದು ನಿಮಿಷಕ್ಕೆ ಇಷ್ಟು ಪದ ಬೆರಳಚ್ಚು ಮಾಡುವ, ಪಿಟ್ಮನ್ ಶೀಘ್ರಲಿಪಿ ಬಲ್ಲ, ಇಂಗ್ಲಿಷಿನಲ್ಲಿ ವ್ಯಾಪಾರಿ ಪತ್ರ ಬರೆಯಬಲ್ಲ ಜನ. ಪೇಟೆ ಪೇಟೆಗಳಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳು ತೆರೆದವು. ಬಿ.ಕಾಂ. ಮುಗಿಸಿದವರೂ ಮೆಟ್ರಿಕ್ ಆದವರೂ ಅಲ್ಲಿ ಅಕ್ಕಪಕ್ಕದ ಯಂತ್ರಗಳ ಮುಂದೆ ಕೂತರು. ಮುಂದೆ ಹೆಣ್ಣುಮಕ್ಕಳು ಕಚೇರಿಗೆ ಕಾಲಿಟ್ಟದ್ದೂ ಬಹುಪಾಲು ಈ ದಾರಿಯಲ್ಲೇ.

ಮುಂಬಯಿಯ ಕನ್ನಡಿಗರಿಗೆ, ತುಳುವರಿಗೆ ಇನ್ನೊಂದು ಆಸರೆ ರಾತ್ರಿಶಾಲೆ. ಮೊಗವೀರ ಸಮಾಜದವರ ಉಚಿತ ರಾತ್ರಿಶಾಲೆ 1908ರಲ್ಲೇ ಆರಂಭವಾಗಿತ್ತು. ಬೇರೆ ಸಂಘಗಳೂ ಆ ದಾರಿ ಹಿಡಿದವು. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗ ರಾತ್ರಿ ಪುಸ್ತಕ ಹಿಡಿದ. ಶಾಲೆ ಅವನಿಗೆ ಅಕ್ಷರ ಕೊಟ್ಟರೆ, ಅದನ್ನು ನಡೆಸುತ್ತಿದ್ದ ಸಂಘ ಪರಿಚಯ ಕೊಟ್ಟಿತು. ಊರಿನ ಹಿರಿಯರೊಬ್ಬರು ‘ನಮ್ಮ ಹುಡುಗ’ ಎಂದು ಹೇಳಿದರೆ ಆ ಮಾತಿಗೆ ಪ್ರಮಾಣಪತ್ರದಷ್ಟೇ ತೂಕ.

ಕರಾವಳಿಯ ಬ್ಯಾಂಕುಗಳು ಬೆಳೆದದ್ದೂ ಇಂಥ ನಂಬಿಕೆಯ ಮೇಲೆ. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ ಹುಟ್ಟಿದವು. ಅವುಗಳ ಶಾಖೆಗಳು ಊರೂರಿಗೆ ಹರಡಿದಂತೆ ಕರಾವಳಿಯ ಯುವಕರು ಗುಮಾಸ್ತರಾಗಿ, ಮ್ಯಾನೇಜರರಾಗಿ ದೇಶದ ಉದ್ದಗಲಕ್ಕೆ ಹೋದರು. ಮೂಲ್ಕಿ ಸುಂದರರಾಮ ಶೆಟ್ಟರನ್ನು ಅಲ್ಲಿಯ ಜನ ಇಂದಿಗೂ ನೆನೆಯುವುದು ಅವರು ಕೊಟ್ಟ ಕೆಲಸಗಳಿಗಾಗಿ. ಆದರೆ ಪರಿಚಯದ ಈ ವ್ಯವಸ್ಥೆಗೆ ಒಂದು ಮಿತಿಯಿತ್ತು. ಯಾರ ಪರವಾಗಿ ಹೇಳುವ ಹಿರಿಯರು ಇರಲಿಲ್ಲವೋ ಅವರು ಬಾಗಿಲ ಹೊರಗೇ ಉಳಿದರು.

1969ರಲ್ಲಿ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಕೆನರಾ, ಸಿಂಡಿಕೇಟ್ ಆ ಪಟ್ಟಿಯಲ್ಲಿದ್ದವು. ವಿಜಯಾ, ಕಾರ್ಪೊರೇಷನ್ ಬ್ಯಾಂಕುಗಳ ಸರದಿ 1980ರಲ್ಲಿ ಬಂತು. ಮೀಸಲಾತಿ ಬಂತು, ನೇಮಕಾತಿ ಮಂಡಳಿಗಳು ಬಂದವು, ಲಿಖಿತ ಪರೀಕ್ಷೆ ಬಂತು. ಯಾರದೇ ಪರಿಚಯವಿಲ್ಲದ ಹಳ್ಳಿಯ ಪದವೀಧರನಿಗೆ ಇದು ದೊಡ್ಡ ಬಿಡುಗಡೆ. ಜೊತೆಗೇ ತಯಾರಿಯ ಹೊಣೆ ಸಂಘದ ಹೆಗಲಿನಿಂದ ಜಾರಿ ಅಭ್ಯರ್ಥಿಯ ಹೆಗಲಿಗೆ ಬಿತ್ತು. ಟೈಪಿಂಗ್ ಕಲಿಸುತ್ತಿದ್ದ ಬೀದಿಗಳಲ್ಲಿ ಕೋಚಿಂಗ್ ತರಗತಿಗಳ ಫಲಕಗಳು ಎದ್ದವು. 2011ರಿಂದ ಬಹುತೇಕ ಸರ್ಕಾರಿ ಬ್ಯಾಂಕುಗಳ ನೇಮಕಾತಿಗೆ ಐಬಿಪಿಎಸ್ ನಡೆಸುವ ಸಾಮಾನ್ಯ ಪರೀಕ್ಷೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದೆಂದು ಕೇಂದ್ರ ಸರ್ಕಾರ ಘೋಷಿಸಿದ್ದು 2019ರಲ್ಲಿ, ರಾಷ್ಟ್ರೀಕರಣವಾಗಿ ಅರ್ಧ ಶತಮಾನದ ಮೇಲೆ.

ಮೂರನೆಯ ದಾರಿ ಮ್ಯಾನೇಜ್‌ಮೆಂಟ್ ಶಾಲೆಗಳದು. 1961ರಲ್ಲಿ ಕೊಲ್ಕತ್ತ ಮತ್ತು ಅಹಮದಾಬಾದಿನಲ್ಲಿ, 1973ರಲ್ಲಿ ಬೆಂಗಳೂರಿನಲ್ಲಿ ಐಐಎಂಗಳು ಹುಟ್ಟಿದವು. ಇಲ್ಲಿ ಕೆಲಸ ಹುಡುಕಿಕೊಂಡು ಹುಡುಗ ಹೋಗಬೇಕಿಲ್ಲ; ಕಂಪನಿಯೇ ಕಾಲೇಜಿಗೆ ಬರುತ್ತದೆ. ಬಯೋಡೇಟಾ ತಿದ್ದುವುದು, ಗುಂಪು ಚರ್ಚೆಯ ಅಭ್ಯಾಸ, ಅಣಕು ಸಂದರ್ಶನ ಎಲ್ಲವೂ ಕ್ರಮೇಣ ಕಾಲೇಜಿನದೇ ಕೆಲಸವಾದವು. 1913ರ ಪ್ರಶ್ನೆಗೆ ಕೊನೆಗೂ ಕಾಲೇಜೇ ಉತ್ತರ ಕೊಟ್ಟಿತು, ಆದರೆ ಒಳಗೆ ಸೀಟು ಸಿಕ್ಕವರಿಗೆ ಮಾತ್ರ.

ಊರಿನ ಸಾಮಾನ್ಯ ಬಿ.ಕಾಂ. ಕಾಲೇಜಿಗೆ ದೊಡ್ಡ ಕಂಪನಿಗಳು ಬರುವುದು ಅಪರೂಪ. ಅಲ್ಲಿಂದ ಪುಣೆಗೋ ಹೈದರಾಬಾದಿಗೋ ಹೊರಟ ಹುಡುಗ, ಹುಡುಗಿಯರು ಇಂದಿಗೂ ಮೊದಲು ಫೋನ್ ಮಾಡುವುದು ಆ ನಗರದಲ್ಲಿ ಕೆಲಸದಲ್ಲಿರುವ ಊರಿನವರಿಗೆ. ಸಂದರ್ಶನದಲ್ಲಿ ಏನು ಕೇಳುತ್ತಾರೆ, ಎಲ್ಲಿ ಉಳಿದುಕೊಳ್ಳಬೇಕು, ಎಷ್ಟು ಸಂಬಳ ಕೇಳಬಹುದು ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ರಾತ್ರಿಶಾಲೆಯ ಹಿರಿಯರು ಮಾಡುತ್ತಿದ್ದ ಆ ಕೆಲಸ ಈಗ ಹೊರನಾಡಿನಲ್ಲಿ ನೆಲೆ ಕಂಡವರ ಪಾಲಿಗೆ ಬಂದಿದೆ. ಹಳೆಯ ಮಿತಿಯನ್ನು ಮೀರುವ ಅವಕಾಶವೂ ಅವರ ಕೈಯಲ್ಲೇ ಇದೆ: ‘ನಮ್ಮ ಹುಡುಗ’ ಎನ್ನುವಾಗ ಆ ‘ನಮ್ಮ’ದೊಳಗೆ ಯಾರೆಲ್ಲ ಸೇರುತ್ತಾರೆ ಎಂಬುದನ್ನು ಈಗ ತೀರ್ಮಾನಿಸುವವರು ಅವರೇ.